ಹೊರಗೆ ನಿಲ್ಲಿಸಿದರೆ ಲಾಭ ಯಾರಿಗೆ?

(ಪ್ರೌಢಶಾಲಾ ಶಿಕ್ಷಕರೆದುರು ಮಾಡಿದ ಉಪನ್ಯಾಸದ ಬರಹ ರೂಪ)

ಒಂಬತ್ತನೇ ತರಗತಿ. ಬಿಸಿಯೂಟ ಮುಗಿದ ನಂತರದ ಮೊದಲ ಪೀರಿಯಡ್, ಗಣಿತ. ಮೇಷ್ಟ್ರು ಬಹುಪದೋಕ್ತಿಯ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿ, ‘ಮುಂದಿನ ಐದು ನೀವೇ ಮಾಡಿ’ ಅನ್ನುತ್ತಾರೆ. ಎರಡು ನಿಮಿಷ ಆಗಿರುವುದಿಲ್ಲ, ಕೊನೇ ಬೆಂಚಿನ ಹುಡುಗ ಮುಂದಿನವನ ಬ್ಯಾಗಿನ ಜಿಪ್ಪು ಎಳೆಯುತ್ತಾನೆ. ಅವನು ಕೂಗುತ್ತಾನೆ, ಇವನು ನಗುತ್ತಾನೆ. ‘ಏಯ್, ಎದ್ದು ಹೊರಗೆ ಹೋಗು.’ ಹುಡುಗ ಹೋಗಿ ಕಾರಿಡಾರಿನ ಕಂಬಕ್ಕೆ ಒರಗಿ ನಿಲ್ಲುತ್ತಾನೆ. ಅಲ್ಲಿ ಗಾಳಿ ಇದೆ. ಮೈದಾನದಲ್ಲಿ ಎಂಟನೇ ತರಗತಿಯವರ ಕಬಡ್ಡಿ ನಡೆಯುತ್ತಿದೆ. ಒಳಗೆ ಐದು ಲೆಕ್ಕ ಇವೆ, ಅವನಿಗೆ ಒಂದೂ ಬರುವುದಿಲ್ಲ.

ಈಗ ಹೇಳಿ, ಅವನಿಗೆ ಸಿಕ್ಕಿದ್ದು ಶಿಕ್ಷೆಯೋ ಬಹುಮಾನವೋ?

ನಾಳೆ ಅವನು ಐದು ನಿಮಿಷ ಮೊದಲೇ ಜಿಪ್ಪು ಎಳೆಯುತ್ತಾನೆ. ಮೇಷ್ಟ್ರೂ ಐದು ನಿಮಿಷ ಮೊದಲೇ ಹೊರಗೆ ಕಳಿಸುತ್ತಾರೆ. ಏಕೆಂದರೆ ಅವರಿಗೂ ಇದರಲ್ಲಿ ಲಾಭವಿದೆ: ಅವನು ಹೋದ ಮೇಲೆ ತರಗತಿ ಶಾಂತವಾಗುತ್ತದೆ. ಇಬ್ಬರಿಗೂ ಬೇಕಾದದ್ದು ಸಿಗುವ ವ್ಯವಹಾರ ತಾನಾಗಿ ನಿಲ್ಲುವುದಿಲ್ಲ. ವರ್ಷದ ಕೊನೆಗೆ ಹುಡುಗ ಗಣಿತದಲ್ಲಿ ಇನ್ನಷ್ಟು ಹಿಂದೆ ಬಿದ್ದಿರುತ್ತಾನೆ, ಸ್ಟಾಫ್ ರೂಮಿನಲ್ಲಿ ಅವನಿಗೊಂದು ಹೆಸರೂ ಬಿದ್ದಿರುತ್ತದೆ.

ಹಾಗಾಗಿ ವರ್ತನೆಯ ತೊಂದರೆ ಎಂದು ಯಾವ ಮಗುವಿನ ಬಗ್ಗೆ ಹೇಳುವ ಮೊದಲೂ ಐದು ದಿನ ಬರೆಯಿರಿ. ಒಂದು ಹಾಳೆ, ಮೂರು ಕಾಲಂ. ಮೊದಲನೆಯದರಲ್ಲಿ ಅದಕ್ಕೆ ತುಸು ಮುಂಚೆ ಏನು ನಡೆಯಿತು, ಎರಡನೆಯದರಲ್ಲಿ ಹುಡುಗ ಏನು ಮಾಡಿದ, ಮೂರನೆಯದರಲ್ಲಿ ಅದಾದ ಕೂಡಲೇ ಏನಾಯಿತು. ದಿನಾಂಕ, ಪೀರಿಯಡ್, ವಿಷಯ ಪಕ್ಕದಲ್ಲಿರಲಿ. ನಡುವಿನ ಕಾಲಂನಲ್ಲಿ ‘ಉದ್ಧಟತನ ತೋರಿದ’ ಎಂದು ಬರೆಯಬೇಡಿ, ಅದು ನಿಮ್ಮ ತೀರ್ಪು. ‘ಪುಸ್ತಕ ತೆಗೆ ಅಂದಾಗ ಬೆಂಚಿನ ಮೇಲೆ ತಲೆ ಇಟ್ಟು ಮಲಗಿದ’ ಎಂದು ಬರೆದರೆ ಇನ್ನೊಬ್ಬ ಶಿಕ್ಷಕರು ಓದಿದಾಗ ಅವರ ಕಣ್ಣಿಗೂ ಅದೇ ಚಿತ್ರ ಬರಬೇಕು. ಹತ್ತು ಸಲದ ದಾಖಲೆಯಾದರೆ ಸಾಮಾನ್ಯವಾಗಿ ಒಂದು ಜಾಡು ಕಾಣುತ್ತದೆ. ಏನೂ ಆಗದ ಪೀರಿಯಡ್‌ಗಳನ್ನೂ ಗುರುತು ಮಾಡಿ. ಪಿ.ಇ. ಪೀರಿಯಡ್‌ನಲ್ಲಿ, ಕನ್ನಡ ಪದ್ಯದಲ್ಲಿ ಸರಿಯಿರುವ ಹುಡುಗ ಗಣಿತ, ಇಂಗ್ಲಿಷಿನಲ್ಲಿ ಮಾತ್ರ ಕೆಡುತ್ತಾನೆ ಅಂದರೆ ತೊಂದರೆ ಅವನ ಗುಣದಲ್ಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಮೂರನೇ ಕಾಲಂ ಓದಿಕೊಂಡು ಹೋದರೆ ಹೆಚ್ಚಿನ ಮಕ್ಕಳಿಗೆ ಸಿಗುತ್ತಿರುವುದು ನಾಲ್ಕರಲ್ಲಿ ಒಂದು: ಯಾರದೋ ಗಮನ, ಕೆಲಸದಿಂದ ತಪ್ಪಿಸಿಕೊಳ್ಳುವ ದಾರಿ, ಬೇಕಾದ ಒಂದು ವಸ್ತು, ಇಲ್ಲವೇ ಮೈಗೆ ಸಿಗುವ ಸಮಾಧಾನ. ಕಾಲು ಕುಣಿಸುವುದು, ಪೆನ್ ಕ್ಯಾಪ್ ಕಚ್ಚುವುದು ಈ ಕೊನೆಯ ಜಾತಿ. ಜಾಡು ಯಾವುದು ಎಂಬುದರ ಮೇಲೆ ನಿಮ್ಮ ಉತ್ತರ ಪೂರ್ತಿ ತಿರುವುಮುರುವಾಗುತ್ತದೆ. ಗಮನಕ್ಕಾಗಿ ಮಾಡುವವನನ್ನು ಎಲ್ಲರೆದುರು ಬೈದರೆ ಅವನು ಕೇಳಿದ್ದನ್ನೇ ಕೊಟ್ಟಂತೆ. ತಪ್ಪಿಸಿಕೊಳ್ಳಲು ಮಾಡುವವನನ್ನು ಹೊರಗೆ ಕಳಿಸಿದರೂ ಅಷ್ಟೇ.

ನಮ್ಮ ಜಿಪ್ಪಿನ ಹುಡುಗನ ವಿಷಯಕ್ಕೆ ಬರೋಣ. ಅವನಿಗೆ ಐದು ಲೆಕ್ಕದ ಬದಲು ಮೂರು ಕೊಡಿ. ಮೊದಲ ಎರಡು ಅವನಿಗೆ ಖಂಡಿತ ಬರುವಂಥವು, ಏಳನೇ ತರಗತಿ ಮಟ್ಟದ್ದಾದರೂ ಸರಿ, ಮೂರನೆಯದು ಇಂದಿನ ಪಾಠದ್ದು. ಲೆಕ್ಕ ಕೊಟ್ಟ ಎರಡು ನಿಮಿಷದೊಳಗೆ ಅವನ ಬೆಂಚಿನ ಬಳಿ ಹೋಗಿ ನಿಲ್ಲಿ, ಜಿಪ್ಪು ಎಳೆಯುವುದಕ್ಕೆ ಮೊದಲೇ. ‘ಬರಲ್ಲ’ ಎಂದು ಬಾಯಿಬಿಟ್ಟು ಹೇಳಿದರೆ ಅವನ ಮಾನ ಹೋಗುತ್ತದೆ. ಹಾಗಾಗಿ ಪೆನ್ನನ್ನು ಬೆಂಚಿನ ಅಂಚಿನಲ್ಲಿ ಅಡ್ಡ ಇಟ್ಟರೆ ‘ಸಹಾಯ ಬೇಕು’ ಎಂದರ್ಥ ಅಂತ ಇಬ್ಬರೇ ಇರುವಾಗ ಮಾತಾಡಿಕೊಳ್ಳಿ. ಇದು ಮುದ್ದು ಮಾಡುವುದಲ್ಲ. ತಪ್ಪಿಸಿಕೊಳ್ಳಲು ಜಿಪ್ಪಿಗಿಂತ ಮರ್ಯಾದೆಯ ದಾರಿಯೊಂದನ್ನು ತೋರಿಸಿ, ಆ ದಾರಿ ಕೆಲಸಕ್ಕೇ ಮರಳಿ ಬರುವ ಹಾಗೆ ಮಾಡುವುದು.

ಗಮನ ಬಯಸುವ ಮಗುವಿನ ಜೊತೆ ಕೆಡುವುದು ಬೇರೆ ಜಾಗದಲ್ಲಿ. ‘ನೋಡಿದರೂ ನೋಡದ ಹಾಗಿರಿ’ ಎಂಬ ಸಲಹೆಯನ್ನು ತರಬೇತಿಗಳಲ್ಲಿ ಕೇಳಿರುತ್ತೀರಿ, ಮಾಡಿಯೂ ಇರುತ್ತೀರಿ, ‘ಅದೆಲ್ಲ ಪುಸ್ತಕದಲ್ಲಿ ಸರಿ ಸಾರ್’ ಅಂದುಕೊಂಡು ಬಿಟ್ಟೂ ಇರುತ್ತೀರಿ. ಯಾಕೆ ಗೊತ್ತೆ? ದಿನಾ ಹತ್ತುವ ಲೈಟು ಒಂದು ದಿನ ಹತ್ತದಿದ್ದರೆ ಸ್ವಿಚ್ಚನ್ನು ನಾವು ಏನು ಮಾಡುತ್ತೇವೆ? ಟಕಟಕ ಅಂತ ನಾಲ್ಕು ಸಲ ಒತ್ತುತ್ತೇವೆ. ಮಗುವೂ ಹಾಗೆಯೇ. ಗಮನ ನಿಂತ ಮೊದಲ ಕೆಲವು ದಿನ ಗಲಾಟೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಮೂರನೇ ದಿನ ತಾಳ್ಮೆ ತಪ್ಪಿ ನೀವು ಕೂಗಿದಿರಿ ಅಂದರೆ ಅವನು ಕಲಿತ ಪಾಠ ‘ಇಷ್ಟು ಜೋರಾಗಿ ಮಾಡಿದರೆ ಮಾತ್ರ ಇವರು ತಿರುಗುತ್ತಾರೆ’ ಎಂಬುದು. ಕೊನೆಯವರೆಗೆ ತಡೆದುಕೊಳ್ಳಲಾಗದಿದ್ದರೆ ಈ ಉಪಾಯ ಶುರು ಮಾಡುವುದೇ ಬೇಡ. ಶುರು ಮಾಡಿದರೆ ಜೊತೆಗೆ ಇನ್ನೊಂದು ಕೆಲಸ ಕಡ್ಡಾಯ: ಅವನು ಸರಿಯಾಗಿ ಕೂತ ಕ್ಷಣದಲ್ಲಿ ಗಮನ ಕೊಡುವುದು. ಬರೀ ‘ಗುಡ್’ ಸಾಲದು, ‘ದಿನಾಂಕ ಹಾಕಿ ಶುರು ಮಾಡಿದ್ದೀಯ, ಸರಿ’ ಎಂದು ಏನು ಸರಿ ಅನ್ನುವುದು ಅವನಿಗೆ ಗೊತ್ತಾಗಬೇಕು. ಇನ್ನೊಬ್ಬನಿಗೆ ಪೆಟ್ಟಾಗುವಂಥದ್ದನ್ನು ಮಾತ್ರ ಕಂಡೂ ಕಾಣದಂತೆ ಇರುವಂತಿಲ್ಲ.

ಪ್ರಾಸಂಗಿಕವಾಗಿ ಒಂದು ಮಾತು. ಮೇಷ್ಟ್ರು ಬರುವುದು ತಡವಾದಾಗ ಕ್ಲಾಸ್ ಲೀಡರ್ ಬೋರ್ಡಿನ ಮೂಲೆಯಲ್ಲಿ ‘ಮಾತನಾಡಿದವರು’ ಎಂದು ಪಟ್ಟಿ ಬರೆಯುವ ಪದ್ಧತಿ ನಮ್ಮಲ್ಲಿ ಎಷ್ಟು ಹಳೆಯದೋ! ಆ ಪಟ್ಟಿಯಲ್ಲಿ ಲೀಡರನ ಗೆಳೆಯರ ಹೆಸರು ಯಾವತ್ತಾದರೂ ಬಂದದ್ದುಂಟೆ? ಹೆಸರಿನ ಮುಂದೆ ಪ್ಲಸ್ ಗುರುತು ಬೀಳುತ್ತಾ ಹೋದಂತೆ ಆ ಹುಡುಗನ ವರ್ಚಸ್ಸೂ ಏರುತ್ತದೆ. ಅಳಿಸಿ ಅದನ್ನು.

ಕೋಲಿನ ವಿಚಾರವನ್ನೂ ಇಲ್ಲೇ ಮುಗಿಸಿಬಿಡೋಣ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ‘ಅದು ಹದಿನಾಲ್ಕು ವರ್ಷದವರೆಗೆ ಮಾತ್ರ, ನಮ್ಮದು ಹೈಸ್ಕೂಲು’ ಅನ್ನುವವರು ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂ ಓದಬೇಕು. ಅದು ತನ್ನ ಸುಪರ್ದಿಯಲ್ಲಿರುವ ಮಗುವಿನ ಮೇಲೆ ನಡೆಸುವ ಕ್ರೌರ್ಯದ ಬಗ್ಗೆ ಇರುವುದು, ಮಗು ಅಂದರೆ ಹದಿನೆಂಟರ ಒಳಗಿನವರು. ಕಾನೂನು ಪಕ್ಕಕ್ಕಿಟ್ಟರೂ ಏಟಿನದು ಅದೇ ಕಂಬದ ಲೆಕ್ಕವೇ: ಏಟು ತಿಂದ ಐದು ನಿಮಿಷ ಲೆಕ್ಕ ಮಾಡುವುದು ತಪ್ಪುತ್ತದೆ. ಅವನಿಗೆ ಅದು ಅಗ್ಗದ ಬೆಲೆ.

ವರ್ತನೆ ಎಂದು ನಿರ್ಧರಿಸುವ ಮುನ್ನ ಮೈ ನೋಡಿ. ಬೋರ್ಡು ಕಾಣದ ಮಗು ಪಕ್ಕದವರ ಪುಸ್ತಕ ಇಣುಕುತ್ತದೆ, ನಾವು ಅದನ್ನು ಕಾಪಿ ಅನ್ನುತ್ತೇವೆ. ಕಿವಿ ಸೋರುವ ಮಗು ಕರೆದರೆ ತಿರುಗುವುದಿಲ್ಲ, ಸೊಕ್ಕು ಅನ್ನುತ್ತೇವೆ. ಬೆಳಗ್ಗೆ ಏನೂ ತಿನ್ನದೆ ನಾಲ್ಕು ಕಿಲೋಮೀಟರ್ ನಡೆದು ಬಂದ ಹುಡುಗಿ ಎರಡನೇ ಪೀರಿಯಡ್‌ಗೆ ತೂಕಡಿಸುತ್ತಾಳೆ. ಇನ್ನೊಂದು ಇದೆ, ಬಹಳ ಸಲ ತಪ್ಪಿಹೋಗುವಂಥದ್ದು: ಕೈಕಾಲು ಅದುರದ ಒಂದು ಬಗೆಯ ಫಿಟ್ಸ್. ಮಗು ಓದುತ್ತಿರುವಾಗ ನಡುವೆ ನಿಲ್ಲುತ್ತದೆ, ಐದರಿಂದ ಹದಿನೈದು ಸೆಕೆಂಡು ಶೂನ್ಯ ನೋಡುತ್ತದೆ, ಏನೂ ಆಗದಂತೆ ಮುಂದುವರಿಯುತ್ತದೆ. ದಿನಕ್ಕೆ ಹಲವು ಸಲ. ಸುಮ್ಮನೆ ಹಗಲುಗನಸು ಕಾಣುವ ಮಗು ಭುಜ ಮುಟ್ಟಿದರೆ ಎಚ್ಚರಾಗುತ್ತದೆ. ಫಿಟ್ಸ್ ಬಂದ ಮಗು ಎಚ್ಚರಾಗುವುದಿಲ್ಲ. ಔಷಧಿಗೆ ಚೆನ್ನಾಗಿ ಬಗ್ಗುವ ಕಾಯಿಲೆ ಇದು, ಬೈಗುಳಕ್ಕಲ್ಲ. ಇಂಥ ಮಕ್ಕಳ ಹೆಸರನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬರುವ ದಿನಕ್ಕೆ ಪಟ್ಟಿ ಮಾಡಿಟ್ಟುಕೊಳ್ಳಿ. ಆ ದಿನ ನೂರಾರು ಮಕ್ಕಳ ತೂಕ, ಎತ್ತರದ ಗಡಿಬಿಡಿಯಲ್ಲಿ ನೆನಪಾಗುವುದಿಲ್ಲ.

ಓದುವ ತೊಂದರೆಯನ್ನು ಪತ್ತೆಹಚ್ಚಲು ಒಂದು ಸರಳ ದಾರಿ. ಬೋರ್ಡಿನಿಂದ ಅಂದವಾಗಿ ನಕಲು ಮಾಡುವ, ಬಾಯಲ್ಲಿ ಕೇಳಿದರೆ ಚುರುಕಾಗಿ ಉತ್ತರ ಹೇಳುವ, ಆದರೆ ಪರೀಕ್ಷೆಯಲ್ಲಿ ಏನೂ ಬರೆಯದ ಮಗುವನ್ನು ಒಬ್ಬನೇ ಇರುವಾಗ ಕರೆದು, ಇನ್ನೂ ಪಾಠ ಮಾಡದ ಒಂದು ಪ್ಯಾರಾ ಓದಿಸಿ. ತರಗತಿಯೆದುರು ಬೇಡ. ಪಾಠ ಮಾಡಿದ ಪ್ಯಾರಾವೂ ಬೇಡ, ಅದು ಬಾಯಿಪಾಠ ಆಗಿರುತ್ತದೆ. ಒತ್ತಕ್ಷರ ಬಂದಲ್ಲೆಲ್ಲ ಊಹಿಸಿ ಓದುತ್ತಿದ್ದರೆ ಮುಂದಿನ ತಪಾಸಣೆಗೆ ಕಳಿಸಿ. ಅಂಗವಿಕಲರ ಹಕ್ಕುಗಳ ಕಾಯ್ದೆ 2016 ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 21 ಬಗೆಗಳಲ್ಲಿ ಒಂದಾಗಿ ಸೇರಿಸಿದೆ. ಎಸ್ಸೆಸ್ಸೆಲ್ಸಿಯಲ್ಲಿ ಅಂಥವರಿಗೆ ರಿಯಾಯಿತಿಗಳಿವೆ. ಆದರೆ ಪ್ರಮಾಣಪತ್ರದ ಓಡಾಟ ಹತ್ತನೇ ತರಗತಿಯ ಜನವರಿಯಲ್ಲಿ ಶುರುವಾದರೆ ಕಾಗದ ಬರುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ. ಎಂಟನೇ ತರಗತಿಯಲ್ಲೇ ಮಾಡಿ. ಇನ್ನು ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆಗೆ ಹೇಳುವ ‘ಎಡಿಎಚ್‌ಡಿ’ ಎಂಬ ಪದ ಈಗ ವಾಟ್ಸಾಪಿನಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ಹೇಳಬೇಕಾದವರು ವೈದ್ಯರು. ಅವರೂ ಹನ್ನೆರಡರ ಒಳಗೇ ಲಕ್ಷಣ ಶುರುವಾಗಿತ್ತೇ, ಕನಿಷ್ಠ ಆರು ತಿಂಗಳಿನಿಂದ ಇದೆಯೇ, ಮನೆ ಮತ್ತು ಶಾಲೆ ಎರಡು ಕಡೆಯೂ ಇದೆಯೇ ಎಂದು ಕೇಳುತ್ತಾರೆ. ನಿಮ್ಮ ಮೂರು ಕಾಲಂ ಹಾಳೆ ಆಗ ಅವರಿಗೆ ಬಹಳ ಕೆಲಸಕ್ಕೆ ಬರುತ್ತದೆ.

ಇಷ್ಟು ಹೊತ್ತು ತೊಂದರೆ ಕೊಡುವ ಮಕ್ಕಳ ಬಗ್ಗೆ ಮಾತಾಡಿದೆವು. ಹೆಚ್ಚು ಅಪಾಯದಲ್ಲಿರುವವರು ಕೆಲವು ಸಲ ನಮಗೆ ತೊಂದರೆಯನ್ನೇ ಕೊಡುವುದಿಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಐವತ್ತು ಮಕ್ಕಳ ತರಗತಿಯಲ್ಲಿ ಸರಾಸರಿ ಮೂರ್ನಾಲ್ಕು ಜನ. ನಿಮ್ಮ ತರಗತಿಯಲ್ಲಿ ಆ ಮೂರ್ನಾಲ್ಕು ಜನ ಯಾರು ಎಂದು ಕೇಳಿದರೆ ಮನಸ್ಸು ಗಲಾಟೆಯವರ ಹೆಸರನ್ನೇ ಹೇಳುತ್ತದೆ. ಹಾಜರಿ ಪುಸ್ತಕ ತೆರೆದು ನೋಡಿ. ಸೋಮವಾರ ಮಾತ್ರ ಬರದವರು ಯಾರು, ಊಟದ ನಂತರ ಹೊಟ್ಟೆನೋವು ಅಂತ ಹೋಗುವವರು ಯಾರು? ಯಾವತ್ತೂ ಗೆಳತಿಯರ ಜೊತೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದವಳು ಎರಡು ವಾರದಿಂದ ಊಟಕ್ಕೇ ಬರುತ್ತಿಲ್ಲ. ದುಂಡಗಿದ್ದ ಅಕ್ಷರ ಚದುರಿದೆ. ಸೆಕೆಯಲ್ಲೂ ತೋಳು ಮುಚ್ಚಿರುತ್ತಾಳೆ. ಇಷ್ಟದ ಜಾಮಿಟ್ರಿ ಬಾಕ್ಸನ್ನು ಪಕ್ಕದವಳಿಗೆ ‘ಇಟ್ಕೋ’ ಅಂತ ಕೊಟ್ಟುಬಿಟ್ಟಿದ್ದಾಳೆ. ಒಂದೊಂದೇ ನೋಡಿದರೆ ಏನೂ ಅಲ್ಲ. ಮಗು ಮೊದಲು ಹೇಗಿತ್ತು ಎಂಬುದಕ್ಕೆ ಹೋಲಿಸಿ, ಎರಡು ವಾರ ಉಳಿದ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಜಾಮಿಟ್ರಿ ಬಾಕ್ಸಿನಂಥದ್ದಕ್ಕೆ ಮಾತ್ರ ಎರಡು ವಾರ ಕಾಯಬೇಡಿ, ಇಷ್ಟದ ವಸ್ತು ಕೊಟ್ಟುಬಿಡುವುದು ಸಾಯುವ ಯೋಚನೆಯ ಸೂಚನೆ ಆಗಿರಬಹುದು, ಅವತ್ತೇ ಮಾತಾಡಿ.

ಹೇಗೆ ಮಾತಾಡುವುದು? ಸ್ಟಾಫ್ ರೂಮಿಗೆ ಕರೆಸಬೇಡಿ, ಅಲ್ಲಿ ಆರು ಜೊತೆ ಕಿವಿ ಇರುತ್ತವೆ. ಬಾಗಿಲು ಮುಚ್ಚಿದ ಕೋಣೆಯೂ ಬೇಡ. ವರಾಂಡದ ತುದಿ, ಮರದ ಕೆಳಗೆ, ಎಲ್ಲರಿಗೂ ಕಾಣುವ ಆದರೆ ಮಾತು ಕೇಳಿಸದ ಜಾಗ. ಎದುರುಬದುರು ನಿಲ್ಲುವುದಕ್ಕಿಂತ ಪಕ್ಕದಲ್ಲಿ ಕೂತರೆ ಮಕ್ಕಳಿಗೆ ಸುಲಭ. ‘ಯಾಕೆ ಹೀಗಾಡ್ತಿದೀಯ?’ ಎಂದು ಶುರು ಮಾಡಿದರೆ ‘ಏನಿಲ್ಲ ಮಿಸ್’ ಅಂತ ಮುಗಿಯುತ್ತದೆ. ಕಂಡದ್ದನ್ನು ಹೇಳಿ: ‘ಎರಡು ವಾರದಿಂದ ಊಟಕ್ಕೆ ಬರ್ತಿಲ್ಲ ಕಣಮ್ಮ ನೀನು. ಮೊದಲು ಹಾಗಿರಲಿಲ್ಲ. ಅದಕ್ಕೇ ಕೇಳ್ತಿದೀನಿ.’ ಆಮೇಲೆ ಸುಮ್ಮನಿರಿ. ಹತ್ತು ಸೆಕೆಂಡಿನ ಮೌನ ನಮ್ಮ ಶಿಕ್ಷಕರಿಗೆ ಹತ್ತು ನಿಮಿಷದ ಹಾಗೆ, ಬಾಯಿ ತಾನಾಗಿ ಬುದ್ಧಿವಾದಕ್ಕೆ ಹೊರಡುತ್ತದೆ. ತಡೆಯಿರಿ. ‘ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ ಮಿಸ್’ ಅಂದರೆ ಮಾಡಬೇಡಿ. ‘ತರಗತಿಯಲ್ಲಿ ಯಾರಿಗೂ ಹೇಳಲ್ಲ. ನಿನ್ನ ಜೀವಕ್ಕೆ ತೊಂದರೆ ಆಗೋ ವಿಷಯ ಇದ್ರೆ ಸಹಾಯ ಮಾಡೋರಿಗೆ ಹೇಳಲೇಬೇಕಾಗತ್ತೆ, ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗೇ ಹೇಳ್ತೀನಿ’ ಅನ್ನಿ.

‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ ನೇರವಾಗಿ ಕೇಳಿ: ‘ಸಾಯಬೇಕು ಅಂತ ಅನ್ನಿಸಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ, ಅದು ತಪ್ಪು. ಕೇಳಿದರೆ ಮಗುವಿಗೆ ಹಗುರಾಗುತ್ತದೆ. ‘ಹೌದು’ ಅಂದರೆ ಅವತ್ತು ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ, ಶೌಚಾಲಯದ ಬಾಗಿಲವರೆಗೂ ಒಬ್ಬರು ಜೊತೆಗಿರಲಿ. ಮುಖ್ಯ ಶಿಕ್ಷಕರಿಗೆ ತಿಳಿಸಿ, ಮನೆಯವರನ್ನು ಶಾಲೆಗೇ ಕರೆಸಿ. ಮಗುವಿನ ಕೈಗೆ ಚೀಟಿ ಕೊಟ್ಟು ಕಳಿಸುವುದು ಬೇಡ. ಅವರು ಬರುವವರೆಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸೇವೆ ಇದು, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯವರು ಬಂದಾಗ ಹೇಳಬೇಕಾದದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಬುದ್ಧಿವಾದ ಅಲ್ಲ, ಕೊಟ್ಟಿಗೆಯ ಮೂಲೆಯಲ್ಲಿರುವ ಕ್ರಿಮಿನಾಶಕದ ಡಬ್ಬಿ. ಅದನ್ನು ಇವತ್ತೇ ಮನೆಯಿಂದ ಆಚೆ ಇಡಿಸಿ, ಇಲ್ಲವೇ ಬೀಗ ಹಾಕಿಸಿ, ಕೀಲಿ ದೊಡ್ಡವರ ಹತ್ತಿರ ಇರಲಿ. ಅಜ್ಜಿಯ ಬಿಪಿ ಮಾತ್ರೆಗಳೂ ಅಷ್ಟೇ. ಸಾಯಬೇಕೆಂಬ ತುಡಿತ ಅಲೆಯ ಹಾಗೆ ಬಂದು ಇಳಿಯುತ್ತದೆ, ಇಳಿಯುವವರೆಗೆ ಕೈಗೆ ಏನೂ ಸಿಗಬಾರದು. ‘ಪೊಲೀಸ್ ಕೇಸ್ ಆಗತ್ತಾ ಸಾರ್?’ ಅಂತ ತಂದೆ ಕೇಳುತ್ತಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನ ಮಾಡಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ ಎಂದು ತಿಳಿಸಿ. ಈ ಭಯಕ್ಕೇ ಆಸ್ಪತ್ರೆ ತಪ್ಪಿಸುವವರಿದ್ದಾರೆ.

ಮುಂದಿನ ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದು ನಮ್ಮವರೇ ಮರೆತಿರುವ ವಿಷಯ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವೂ ನಮ್ಮಲ್ಲಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಮಗು ಹೇಳಿದ್ದು ಲೈಂಗಿಕ ದೌರ್ಜನ್ಯದ ವಿಷಯವಾದರೆ ದಾರಿ ಬೇರೆ. ವಿಚಾರಣೆ ನಿಮ್ಮ ಕೆಲಸವಲ್ಲ. ‘ಎಷ್ಟು ಸಲ, ಎಲ್ಲಿ, ಹೇಗೆ’ ಎಂದು ಕೆದಕಬೇಡಿ. ಮಗು ಹೇಳಿದ ಮಾತನ್ನು ಮಗುವಿನ ಪದಗಳಲ್ಲೇ, ಸಮಯ ಹಾಕಿ ಬರೆದಿಡಿ. ಅದನ್ನು ಸಭ್ಯ ಕನ್ನಡಕ್ಕೆ ತಿದ್ದಬೇಡಿ. ಪೋಕ್ಸೊ ಕಾಯ್ದೆ 2012ರ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದವರಿಗೆ 21ನೇ ಕಲಂನಲ್ಲಿ ಆರು ತಿಂಗಳವರೆಗೆ ಸೆರೆ ಇದೆ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ. ದೂರು ಮನೆಯೊಳಗಿನವರ ಮೇಲೇ ಇದ್ದರೆ ಮೊದಲು ಮನೆಗೆ ಫೋನ್ ಮಾಡುವುದು ದೊಡ್ಡ ತಪ್ಪು. ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯಲ್ಲಿ ಕೂತು ರಾಜಿ ಪಂಚಾಯಿತಿ ಮಾಡುವುದು ಅದಕ್ಕಿಂತ ದೊಡ್ಡದು.

‘ಇದೆಲ್ಲ ಯಾರು ಮಾಡಬೇಕು ಸಾರ್, ನಮಗೆ ಪಾಠವೇ ಮುಗಿಯುತ್ತಿಲ್ಲ’ ಎಂದು ಕೆಲವರ ಮುಖದಲ್ಲಿ ಕಾಣುತ್ತಿದೆ. ನಿಮ್ಮ ಅನುಮಾನಕ್ಕೆ ಒಳ್ಳೆಯ ಆಧಾರವೇ ಇದೆ. ಬಿಹಾರದ ನಳಂದಾ ಜಿಲ್ಲೆಯ ಎಪ್ಪತ್ತಕ್ಕೂ ಹೆಚ್ಚು ಪ್ರೌಢಶಾಲೆಗಳಲ್ಲಿ ‘ಸೆಹರ್’ ಎಂಬ ದೊಡ್ಡ ಪ್ರಯೋಗ ನಡೆಯಿತು, ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕೆಲವು ಶಾಲೆಗಳಲ್ಲಿ ಅದೇ ಶಾಲೆಯ ಶಿಕ್ಷಕರಿಗೆ ತರಬೇತಿ ಕೊಟ್ಟು ಕಾರ್ಯಕ್ರಮ ನಡೆಸಿದರು. ಇನ್ನು ಕೆಲವದರಲ್ಲಿ ಮನೋವೈದ್ಯರಲ್ಲದ, ಇದೇ ಕೆಲಸಕ್ಕೆಂದು ನೇಮಿಸಿದ ಒಬ್ಬ ಸಾಮಾನ್ಯ ಆಪ್ತಸಮಾಲೋಚಕರು ನಡೆಸಿದರು. ಎರಡನೇ ಬಗೆಯಲ್ಲಿ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆಯ ಲಕ್ಷಣ, ಪೀಡನೆ ಕಡಿಮೆಯಾದವು. ಶಿಕ್ಷಕರು ನಡೆಸಿದ ಕಡೆ ಪರಿಣಾಮ ಕಾಣಲಿಲ್ಲ. ಶಿಕ್ಷಕರು ಕೆಟ್ಟವರು ಅಂತಲ್ಲ. ಬೆತ್ತ ಹಿಡಿದ, ಅಂಕ ಹಾಕುವ ಕೈಗೆ ಮಗು ಗುಟ್ಟನ್ನೂ ಒಪ್ಪಿಸಬೇಕು ಅನ್ನುವುದು ಕಷ್ಟ, ಮತ್ತು ಸಿಲಬಸ್ಸಿನ ಮೇಲೆ ಹೇರಿದ ಇನ್ನೊಂದು ಹೊರೆ ಕಾಗದದಲ್ಲಷ್ಟೇ ನಡೆಯುತ್ತದೆ ಎಂದು ನಾನು ಓದಿಕೊಳ್ಳುತ್ತೇನೆ. ಹಾಗಾಗಿ ಎಲ್ಲ ಶಿಕ್ಷಕರೂ ಆಪ್ತಸಮಾಲೋಚಕರಾಗಿ ಎನ್ನುವ ಸುತ್ತೋಲೆಯಲ್ಲಿ ನನಗೆ ನಂಬಿಕೆಯಿಲ್ಲ. ಪ್ರತ್ಯೇಕ ಹುದ್ದೆ ಬರುವವರೆಗೆ ಶಾಲೆಗೆ ಒಬ್ಬರು ಸಾಕು. ಆದರೆ ಅವರ ವೇಳಾಪಟ್ಟಿಯಿಂದ ವಾರಕ್ಕೆ ಎರಡು ಪೀರಿಯಡ್ ನಿಜವಾಗಿ ತೆಗೆಯಬೇಕು, ರಜೆಯ ಮೇಲಿರುವವರ ಬದಲಿಗೆ ಆ ಹೊತ್ತಿನಲ್ಲಿ ಅವರನ್ನು ತರಗತಿಗೆ ತಳ್ಳಬಾರದು.

ಆ ಪ್ರಯೋಗದಲ್ಲಿದ್ದ ಒಂದು ಅಂಗ ನಮ್ಮಲ್ಲೂ ಇದೆ, ದೂರು ಪೆಟ್ಟಿಗೆ. ಹೆಚ್ಚಿನ ಕಡೆ ಅದು ಎಚ್.ಎಂ. ಕೊಠಡಿಯ ಬಾಗಿಲಲ್ಲೇ ನೇತಾಡುತ್ತದೆ, ಚೀಟಿ ಹಾಕುವವರು ಯಾರು ಎಂದು ಎಲ್ಲರಿಗೂ ಕಾಣುತ್ತದೆ. ನೀರಿನ ಟ್ಯಾಂಕಿನ ಕಡೆ, ಎಲ್ಲರೂ ಹೇಗೂ ಹೋಗುವ ಜಾಗದಲ್ಲಿ ಹಾಕಿ. ಕೀಲಿ ಎರಡಿರಲಿ, ಎರಡೂ ಇಲ್ಲದೆ ತೆರೆಯಬಾರದು, ಒಂದು ಶಿಕ್ಷಕಿಯ ಬಳಿ ಇರಲಿ. ಪ್ರತಿ ಶನಿವಾರ ತೆರೆಯುವುದು ಎಂದರೆ ಪ್ರತಿ ಶನಿವಾರ. ‘ಹುಡುಗಿಯರ ಶೌಚಾಲಯಕ್ಕೆ ಚಿಲಕ ಇಲ್ಲ’ ಎಂಬ ಚೀಟಿಗೆ ಸೋಮವಾರ ಚಿಲಕ ಬಿದ್ದರೆ, ಅದಕ್ಕಿಂತ ಕಷ್ಟದ ಚೀಟಿ ಮುಂದಿನ ವಾರ ಬೀಳುತ್ತದೆ. ಚಿಲಕ ಬೀಳದಿದ್ದರೆ ಪೆಟ್ಟಿಗೆಯಲ್ಲಿ ಚಾಕಲೇಟ್ ಕಾಗದ ಸಿಗುತ್ತದೆ.

ಹತ್ತನೇ ತರಗತಿಯ ಬಗ್ಗೆ ಎರಡೇ ಮಾತು. ಪ್ರಿಪರೇಟರಿ ಅಂಕಗಳನ್ನು ಪ್ರಾರ್ಥನೆಯಲ್ಲಿ ಓದಬೇಡಿ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿದೆ ಎಂಬುದು ನಿಮಗೆ ಗೊತ್ತು. ಆದರೆ ತೋಟದ ಕೆಲಸಕ್ಕೆ ಹೋಗುವ ತಾಯಿಗೆ ಗೊತ್ತಿಲ್ಲ. ಪರೀಕ್ಷೆಗೆ ಮೊದಲಿನ ಪೋಷಕರ ಸಭೆಯಲ್ಲೇ ಬಾಯಿಬಿಟ್ಟು ಹೇಳಿ, ಫಲಿತಾಂಶದ ದಿನ ಹೇಳಿದರೆ ಅದು ಸಮಾಧಾನದ ಮಾತಾಗಿ ಕೇಳಿಸುತ್ತದೆ. ಆ ದಿನ ಮೊದಲ ಫೋನ್ ರ‍್ಯಾಂಕ್ ಬಂದವರಿಗೆ ಹೋಗುವುದು ರೂಢಿ. ಅನುತ್ತೀರ್ಣರಾಗಬಹುದು ಎನಿಸಿದವರ ನಂಬರನ್ನು ಹಿಂದಿನ ದಿನವೇ ಶಿಕ್ಷಕರು ಹಂಚಿಕೊಳ್ಳಿ, ತಲಾ ನಾಲ್ಕೈದು ಬರಬಹುದು. ವೆಬ್‌ಸೈಟು ತೆರೆದ ಒಂದು ಗಂಟೆಯೊಳಗೆ ಅವರಿಗೆ ಕರೆ ಹೋಗಲಿ. ಫೋನ್ ಎತ್ತದಿದ್ದರೆ ಅದೇ ಬೀದಿಯ ಇನ್ನೊಬ್ಬ ವಿದ್ಯಾರ್ಥಿಯ ಮನೆಯವರಿಗೆ ಮಾಡಿ, ಯಾರಾದರೂ ಹೋಗಿ ನೋಡಿ ಬರಲಿ.

ಕೊನೆಗೆ, ಇಲ್ಲಿ ಕೂತ ಒಬ್ಬ ಮೇಡಂ ಚೀಟಿ ಕಳಿಸಿದ್ದಾರೆ: ಆಸ್ಪತ್ರೆಯಲ್ಲಿದ್ದು ಮರಳಿ ಬರುವ ಹುಡುಗಿಯ ಬಗ್ಗೆ ತರಗತಿಗೆ ಏನು ಹೇಳಬೇಕು? ಅವಳು ಬರುವ ಹಿಂದಿನ ದಿನ ಅವಳನ್ನೇ ಕೇಳಿ, ಏನು ಹೇಳಲಿ ಅಂತ. ಹೆಚ್ಚಿನ ಮಕ್ಕಳು ‘ಹುಷಾರಿರಲಿಲ್ಲ’ ಅಂತಷ್ಟೇ ಸಾಕು ಅನ್ನುತ್ತಾರೆ, ಎಲ್ಲ ಶಿಕ್ಷಕರೂ ಅದೇ ಒಂದು ಪದ ಹೇಳಲಿ, ಎರಡನೆಯದು ಬೇಡ. ಅವಳ ಹಳೆಯ ಬೆಂಚನ್ನು ಯಾರಿಗೂ ಕೊಟ್ಟಿರಬೇಡಿ. ಬಾಕಿ ನೋಟ್ಸನ್ನು ಒಬ್ಬ ಗೆಳತಿ ಎಲ್ಲ ವಿಷಯದ್ದೂ ಬರೆದು ಕೊಡುವ ಬದಲು ಐದು ಜನ ಒಂದೊಂದು ವಿಷಯ ಹಂಚಿಕೊಳ್ಳಲಿ. ಮೊದಲ ವಾರ ಯಾವ ಟೆಸ್ಟೂ ಬೇಡ. ತರಗತಿಯಲ್ಲಿ ಉಸಿರುಗಟ್ಟಿದ ಹಾಗಾದರೆ ಕೇಳದೆಯೇ ಎದ್ದು ಹೋಗಿ ಕೂರಲು ಒಂದು ಜಾಗ, ಲೈಬ್ರರಿ ಕಪಾಟಿನ ಪಕ್ಕದ ಕುರ್ಚಿ ಆದರೂ ಸರಿ, ಮೊದಲೇ ತೋರಿಸಿಡಿ. ಹಾಜರಿ ಕೂಗುವಾಗ ಅವಳ ಹೆಸರು ಬಂದಲ್ಲಿ ಕತ್ತೆತ್ತಿ ನೋಡಬೇಡಿ, ಉಳಿದವರ ಹೆಸರಿನ ವೇಗದಲ್ಲೇ ಕೂಗಿ ಮುಂದೆ ಹೋಗಿ.